ಒಂದೇ ಹೆಸರಿನ ಎರಡು ಔಷಧಿ
(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಕೆಲಸದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಸಮಿತಿಯಲ್ಲೇ ನಡೆದ ಒಂದು ಚರ್ಚೆ. ಕ್ಯಾನ್ಸರ್ ಚಿಕಿತ್ಸೆಗೆಂದು ಊರಿನಿಂದ ಮುಂಬಯಿಗೆ ಬಂದಿದ್ದ ಇಬ್ಬರು ತಾಯಂದಿರ ಅರ್ಜಿಗಳು ಅಂದು ಒಟ್ಟಿಗೇ ಬಂದಿದ್ದವು. ಎರಡರಲ್ಲೂ ಔಷಧಿಯ ಹೆಸರು ಡಾಕ್ಸೊರುಬಿಸಿನ್. ಆದರೆ ಒಂದರ ಬಿಲ್ಲು ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. "ಹೆಸರು ಒಂದೇ ಇರುವಾಗ ಇಬ್ಬರಿಗೂ ಅಗ್ಗದ್ದನ್ನೇ ಕೊಡಿಸಿದರೆ ಆಗದೇ? ಉಳಿದ ಹಣ ಮೂರನೆಯವರಿಗೆ ಆದೀತು" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ದಾನಿಗಳ ಹಣಕ್ಕೆ ಲೆಕ್ಕ ಕೊಡುವವರು ಕೇಳಲೇಬೇಕಾದ ಪ್ರಶ್ನೆ. ಅಂದು ನಾನು ಕೊಟ್ಟದ್ದು ಅರ್ಧ ಉತ್ತರ.

ದುಬಾರಿ ಬಾಟಲಿಯ ಮೇಲೆ 'ಲೈಪೊಸೋಮಲ್' ಎಂಬ ಮಾತು ಇರುತ್ತದೆ. ಡಾಕ್ಸೊರುಬಿಸಿನ್ ಕೆಂಪು ಔಷಧಿ. ಕೀಮೋ ಮಾಡಿಸಿಕೊಂಡವರ ಮನೆಯವರು ಆ ಬಣ್ಣ ಮರೆಯುವುದಿಲ್ಲ. ಅದು ಗಡ್ಡೆಯ ಜೊತೆಗೆ ಹೃದಯದ ಸ್ನಾಯುವನ್ನೂ ಘಾಸಿ ಮಾಡಬಲ್ಲದು. ಲೈಪೊಸೋಮಲ್ ರೂಪದಲ್ಲಿ ಅದನ್ನು ಕೊಬ್ಬಿನ ಪುಟ್ಟ ಚೀಲಗಳೊಳಗೆ ತುಂಬಿರುತ್ತಾರೆ. ಚೀಲದ ಅಗಲ ಸುಮಾರು 100 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರಿನಲ್ಲಿ ಇಂಥ ಹತ್ತು ಸಾವಿರ ಚೀಲಗಳನ್ನು ಸಾಲಾಗಿ ಜೋಡಿಸಬಹುದು. ಹೀಗೆ ಕೊಟ್ಟಾಗ ಹೃದಯಕ್ಕಾಗುವ ಪೆಟ್ಟು ಕಡಿಮೆ. ಆದರೆ ಅಂಗೈ ಅಂಗಾಲು ಕೆಂಪಾಗಿ ಉರಿಯುವ ಬೇರೆ ಕಾಟ ಬರಬಹುದು. ಡಾಕ್ಸಿಲ್ ಎಂಬ ಹೆಸರಿನಲ್ಲಿ ಇದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ.

ಇಷ್ಟು ಸಣ್ಣ ಚೀಲ ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ಆಸ್ಪತ್ರೆಯ ಎಕ್ಸ್-ರೇಯಲ್ಲಿ ನಮಗೆ ಬೇಕಾದದ್ದು ಮೂಳೆಯ ನೆರಳು. ನಮ್ಮ ಪ್ರಯೋಗದಲ್ಲಿ ನೇರವಾಗಿ ದಾಟಿ ಬಂದ ಕಿರಣವನ್ನು ತಡೆದುಬಿಡುತ್ತೇವೆ. ಔಷಧಿಯೊಳಗೆ ಹಾದು ಅಕ್ಕಪಕ್ಕಕ್ಕೆ ಕೆಲವೇ ಡಿಗ್ರಿಯಷ್ಟು ಚದುರಿದ ಕಿರಣಗಳನ್ನು ಮಾತ್ರ ಅಳೆಯುತ್ತೇವೆ. ಮಳೆಗಾಲದ ರಾತ್ರಿ ದೂರದ ಬೀದಿದೀಪವನ್ನು ಕೊಡೆಯ ಬಟ್ಟೆಯ ಮೂಲಕ ನೋಡಿ. ದೀಪದ ಸುತ್ತ ಬೆಳಕಿನ ಚುಕ್ಕೆಗಳ ಸಾಲು ಕಾಣುತ್ತದೆ. ನೇಯ್ಗೆ ಒತ್ತಾದಷ್ಟೂ ಚುಕ್ಕೆಗಳು ದೂರ ದೂರ. ಎಳೆ ಕಣ್ಣಿಗೆ ಕಾಣದಿದ್ದರೂ ಚುಕ್ಕೆಗಳ ಅಂತರ ಅಳೆದು ಎಳೆಗಳ ಅಂತರ ಹೇಳಬಹುದು. ನಾವು ಮಾಡುವುದೂ ಅದನ್ನೇ.

ಹಾಗೆ ಅಳೆದರೆ ಚೀಲದ ಗೋಡೆ ಕೇವಲ 4–5 ನ್ಯಾನೋಮೀಟರ್ ದಪ್ಪ ಎಂದು ತಿಳಿಯುತ್ತದೆ. ಗೋಡೆ ಒಂದೇ ಪದರವೋ ಈರುಳ್ಳಿಯಂತೆ ಹಲವು ಪದರವೋ ಎಂಬುದೂ ತಿಳಿಯುತ್ತದೆ. ನನಗೆ ಈಗಲೂ ಸೋಜಿಗ ಎನಿಸುವುದು ಒಳಗಿನ ಸ್ಥಿತಿ. ಚೀಲದೊಳಗೆ ಮೊದಲೇ ಅಮೋನಿಯಂ ಸಲ್ಫೇಟ್ ಇಟ್ಟಿರುತ್ತಾರೆ. ಅದರ ಸೆಳೆತಕ್ಕೆ ಒಳಹೊಕ್ಕ ಔಷಧಿ ಅಲ್ಲೇ ಹರಳುಗಟ್ಟಿ ಸಣ್ಣ ಕಡ್ಡಿಯಂತಾಗುತ್ತದೆ. ಹರಳು ಇದ್ದರೆ ನಮ್ಮ ಅಳತೆಯಲ್ಲಿ ಅದರದ್ದೇ ಒಂದು ಗುರುತು ಮೂಡುತ್ತದೆ. ಹರಳು ಕರಗಿ ಔಷಧಿ ಸೋರಿದರೆ ಆ ಗುರುತು ಮಾಸುತ್ತದೆ. ಇಷ್ಟಕ್ಕೂ ಔಷಧಿಯನ್ನು ಒಣಗಿಸಬೇಕಿಲ್ಲ, ಹೆಪ್ಪುಗಟ್ಟಿಸಬೇಕಿಲ್ಲ. ಬಾಟಲಿಯಲ್ಲಿದ್ದ ಹಾಗೆಯೇ, ಕೋಟಿಗಟ್ಟಲೆ ಚೀಲಗಳನ್ನು ಒಟ್ಟಿಗೆ ನೋಡಬಹುದು. ಕೊರತೆಯೂ ಅಲ್ಲೇ ಇದೆ: ಸಿಗುವುದು ಎಲ್ಲದರ ಸರಾಸರಿ, ಫೋಟೋ ಅಲ್ಲ. ಆದ್ದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಜೊತೆಗಿರಬೇಕು. ಒಂದೇ ಪರೀಕ್ಷೆ ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ.

ಇಂಥ ಅಳತೆಗೆ ಬೇಕಾದ ಪ್ರಖರ ಎಕ್ಸ್-ರೇ ನಮ್ಮ ದೇಶದಲ್ಲೇ, ಇಂದೋರಿನ ಇಂಡಸ್-2 ಯಂತ್ರದಲ್ಲಿ ಸಿಗುತ್ತದೆ. ಅದಿರುವ ಕೇಂದ್ರಕ್ಕೆ ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು. ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಅಭಾವವಾದಾಗ ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಳ್ಳಲು ಅಲ್ಲಿನ ಸರ್ಕಾರ ಅವಕಾಶ ಕೊಟ್ಟಿತು. ಮರುವರ್ಷ ಅದೇ ಕಂಪನಿಯ ಜೆನೆರಿಕ್ ಔಷಧಿಗೆ ಪೂರ್ಣ ಅನುಮತಿಯೂ ಸಿಕ್ಕಿತು. ಇಂಥ ಜೆನೆರಿಕ್‌ಗೆ ಔಷಧಿ ಎಷ್ಟು ಮಿಲಿಗ್ರಾಂ ಇದೆ ಎಂದು ತೋರಿಸಿದರೆ ಮುಗಿಯುವುದಿಲ್ಲ. ಚೀಲದ ಗಾತ್ರ, ಪದರ, ಒಳಗಿನ ಔಷಧಿಯ ಸ್ಥಿತಿ, ಸೋರಿಕೆ ಎಲ್ಲವೂ ಮೂಲ ಔಷಧಿಗೆ ಹೊಂದಬೇಕು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಒಂದರ ಬದಲು ಇನ್ನೊಂದನ್ನು ಕೊಡಿಸುವಂತಿಲ್ಲ. ಡೋಸಿನ ಲೆಕ್ಕವೇ ಬೇರೆ. ಹಾಗೆಂದು ದುಬಾರಿಯದ್ದೇ ಎಲ್ಲರಿಗೂ ಒಳ್ಳೆಯದು ಎಂದೂ ಅಲ್ಲ. ಅಂದು ಇನ್ನೊಬ್ಬ ತಾಯಿಗೆ ಸಾಮಾನ್ಯ ಔಷಧಿ ಬರೆದಿದ್ದರಲ್ಲಿ ತಪ್ಪಿರಲಿಲ್ಲ. ಅದು ಡಾಕ್ಟರರ ತೀರ್ಮಾನ. ಒಂದೇ ಕಂಪನಿಯದ್ದಲ್ಲದ ಅನುಮತಿ ಪಡೆದ ಜೆನೆರಿಕ್ ಇದ್ದರೆ, ಅದು ಆಗುತ್ತದೆಯೇ ಎಂದು ಅವರನ್ನೇ ಕೇಳೋಣ. ನಿಜವಾದ ಉಳಿತಾಯ ಅಲ್ಲಿದೆ. ನಮ್ಮ ಅರ್ಜಿ ನಮೂನೆಯಲ್ಲಿ 'ಲೈಪೊಸೋಮಲ್: ಹೌದು/ಅಲ್ಲ' ಎಂಬ ಒಂದು ಸಾಲು ಸೇರಿಸಿ, ಡಾಕ್ಟರರ ಸಹಿ ಪಡೆಯಬೇಕೆಂದು ನನ್ನ ಕೋರಿಕೆ.

ಇನ್ನೊಂದು ಮಾತು. ಈ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿಗೆ ಹಾಕಬಾರದು. ಹೆಪ್ಪುಗಟ್ಟಿದರೆ ಚೀಲಗಳು ಹಾಳಾಗಬಹುದು. ಅಂಗಡಿಯಲ್ಲಿ ಕೊಂಡು ಲೋಕಲ್ ಟ್ರೇನಿನಲ್ಲಿ ಆಸ್ಪತ್ರೆಗೆ ಒಯ್ಯುವ ಮನೆಯವರಿಗೆ ಕೊಡಲು ಸಂಘದ ಕಚೇರಿಯಲ್ಲಿ ನಾಲ್ಕು ಐಸ್ ಬಾಕ್ಸ್ ಇರಲಿ. ಒಂದರ ಖರ್ಚು ನನ್ನದು. ಉಳಿದ ಮೂರಕ್ಕೆ ಸಭೆ ಮುಗಿದ ಮೇಲೆ ಕೋಶಾಧಿಕಾರಿಗಳನ್ನು ಕಾಣಿರಿ.