ಬೆಂಕಿಕಡ್ಡಿಯ ಮೆಕ್ಯಾನೊ

ಪುಣೆ ಜಿಲ್ಲೆಯ ಈ ಶಿರೂರಿನ ಕನ್ನಡ ಬಂಧುಗಳೇ, ಈ ಪ್ರದರ್ಶನಕ್ಕೆ ತಾವೇ ಮಾಡಿದ ಆಟಿಕೆಗಳನ್ನು ಮೇಜಿನ ಮೇಲಿಟ್ಟು ಕಾಯುತ್ತಿರುವ ಮಕ್ಕಳೇ,

ಇಲ್ಲಿರುವ ದೊಡ್ಡವರಲ್ಲಿ ಅನೇಕರು ಪಕ್ಕದ ರಾಂಜಣಗಾವ್‌ನ ಕಾರ್ಖಾನೆಗಳಲ್ಲಿ ದುಡಿಯುವವರು. ಒಂದು ಸ್ಕ್ರೂ ಕಡಿಮೆಯಾದರೆ ಜೋಡಣೆಯ ಲೈನಿನಲ್ಲಿ ನಿಂತವರ ಕೈಗೆ ಎಷ್ಟು ಹಗುರ ಅನ್ನುವುದು ನಿಮಗೆ ಗೊತ್ತು. ಆ ತಿಳಿವನ್ನು ಆಟಿಕೆಗೆ ತಂದವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೊದಲ್ಲಿ, ಅಂದರೆ ಈಗಿನ ಟಾಟಾ ಮೋಟಾರ್ಸ್‌ನಲ್ಲಿ, ಕೆಲಸಕ್ಕಿದ್ದವರು. 1978ರಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ, ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು.

ಆಗ ಜೋಡಣೆಯ ಆಟಿಕೆ ಎಂದರೆ ಮೆಕ್ಯಾನೊ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದದ್ದು. ತೂತುಗಳಿರುವ ಲೋಹದ ಪಟ್ಟಿ, ನಟ್ಟು, ಬೋಲ್ಟು. ಹಳ್ಳಿಯ ಮಗುವಿಗೆ ಅದೆಲ್ಲಿಂದ ಬರಬೇಕು? ಗುಪ್ತಾ ಸೈಕಲ್ಲಿನ ವಾಲ್ವ್ ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಎರಡೂ ತುದಿಗೆ ಬೆಂಕಿಕಡ್ಡಿ ತೂರಿಸಿದರು. ನಟ್ಟೂ ಇಲ್ಲ, ಬೋಲ್ಟೂ ಇಲ್ಲ, ಸ್ಪ್ಯಾನರೂ ಬೇಡ. ರಬ್ಬರ್ ತುಂಡಿಗೆ ನಡುವೆ ಸೂಜಿಯಿಂದ ತೂತು ಮಾಡಿದರೆ ಮೂರನೆಯ ಕಡ್ಡಿಗೂ ಜಾಗವಾಯಿತು. ಮೂರು ಕಡ್ಡಿಯ ತ್ರಿಕೋನ ಒತ್ತಿದರೆ ಅಲುಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ವಾಲಿಬಿಡುತ್ತದೆ. ಛಾವಣಿಗೆ ತ್ರಿಕೋನದ ಕಟ್ಟು ಏಕೆ ಎಂಬುದು ಆ ಮಗುವಿನ ಬೆರಳಿಗೇ ತಿಳಿಯುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕಲಿಸುವ ಆಟಿಕೆ ನನಗೆ ಬೇರೆ ಗೊತ್ತಿಲ್ಲ.

ಕಡಿಮೆಯಲ್ಲೇ ಮುಗಿಸುವ ಇದೇ ಜಾಣತನ ನಮ್ಮ ಚನ್ನಪಟ್ಟಣದ ಆಟಿಕೆ ಮಾಡುವವರದೂ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಕಡೆಯುವುದೂ ಬಣ್ಣ ಹಚ್ಚುವುದೂ ಒಂದೇ ಲೇತಿನ ಮೇಲೆ.

ಬಿಡಿಭಾಗ ಕಡಿಮೆ ಮಾಡಲು ಎಂಜಿನಿಯರುಗಳಾದ ಬೂತ್‌ರಾಯ್ಡ್ ಮತ್ತು ಡ್ಯೂಹರ್ಸ್ಟ್ ಮೂರು ಪ್ರಶ್ನೆ ಕೊಟ್ಟಿದ್ದಾರೆ. ಈ ಭಾಗ ಪಕ್ಕದ ಭಾಗ ಬಿಟ್ಟು ಚಲಿಸಬೇಕೆ? ಅದಕ್ಕೆ ಬೇರೆ ವಸ್ತುವೇ ಬೇಕೆ? ಉಳಿದದ್ದನ್ನು ಜೋಡಿಸಲು, ಬಿಚ್ಚಲು ಅದು ಬೇರೆಯಾಗಿಯೇ ಇರಬೇಕೆ? ಮೂರಕ್ಕೂ ‘ಬೇಡ’ ಎಂಬ ಉತ್ತರ ಬಂದರೆ ಎರಡು ಭಾಗ ಒಂದಾಗಬಹುದು. ಆದರೆ ಎಲ್ಲವನ್ನೂ ಒಂದೇ ಅಚ್ಚಿಗೆ ಸೇರಿಸಿದರೆ ಅಚ್ಚು ದುಬಾರಿಯಾಗುತ್ತದೆ, ಒಂದು ಮೂಲೆ ಮುರಿದರೆ ಇಡೀ ಆಟಿಕೆ ಕಸಕ್ಕೆ. ಮಗುವಿಗೆ ಮತ್ತೆ ಬಿಚ್ಚಿ ಕಟ್ಟಲು ಆಗಬೇಕು, ಆ ಮಿತಿಯನ್ನು ನಾನಂತೂ ಬಿಟ್ಟುಕೊಡುವುದಿಲ್ಲ.

ಮಕ್ಕಳೇ, ನಾನು ನಿಮ್ಮ ಮೇಜಿಗೆ ಬಂದಾಗ ಆಟಿಕೆಯನ್ನು ನನ್ನೆದುರೇ ಬಿಚ್ಚಿ ತೋರಿಸಿ. ಯಾವ ಭಾಗ ತೆಗೆಯಬಹುದು ಎಂದು ಇಬ್ಬರೂ ಸೇರಿ ನೋಡೋಣ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತೇನೆ.