ಗಂಡುಕೂಸಿನ ಸುನ್ನತಿ: ತಾಯಿತಂದೆಗಳು ಕೇಳಬೇಕಾದ ಮೂರು ಪ್ರಶ್ನೆಗಳು

(ಗ್ರಾಮದ ತಾಯಿತಂದೆಗಳ ಸಭೆಯಲ್ಲಿ ಮಾಡಿದ ಭಾಷಣ)



ನಾಲ್ಕು ಜನರ ಮುಂದೆ ಆಡಲು ಸಂಕೋಚಪಡುವ ಒಂದು ವಿಷಯವನ್ನು ಈ ದಿನ ನಿಮ್ಮ ಮುಂದೆ ಇಡುತ್ತಿದ್ದೇನೆ. ಸಂಕೋಚದಿಂದ ಮುಚ್ಚಿಟ್ಟ ಮಾತಿನಿಂದ ಕೂಸಿಗೆ ಕೇಡಾಗುವುದುಂಟು. ಆದ್ದರಿಂದ ಬಿಚ್ಚಿ ಹೇಳುವುದೇ ಲೇಸು.

ಗಂಡುಮಗುವಿನ ಶಿಶ್ನದ ತುದಿಯನ್ನು ಮುಚ್ಚಿರುವ ಚರ್ಮವನ್ನು ಕತ್ತರಿಸಿ ತೆಗೆಯುವುದಕ್ಕೆ ಸುನ್ನತಿ, ಖತ್ನಾ, ಮುಂಜಿ ಎಂದು ನಮ್ಮ ಸೀಮೆಯಲ್ಲಿ ಹೆಸರುಗಳುಂಟು. ಮುಸಲ್ಮಾನ ಬಂಧುಗಳ ಮನೆಗಳಲ್ಲಿ ಇದು ತಲೆಮಾರುಗಳಿಂದ ಬಂದ ಧರ್ಮಾಚಾರ. ಇತರರ ಮನೆಗಳಲ್ಲಿಯೂ "ಕೂಸಿನ ಚರ್ಮ ಹಿಂದಕ್ಕೆ ಸರಿಯುವುದಿಲ್ಲ, ಕೊಯ್ಸಬೇಕೇ?" ಎಂಬ ಚಿಂತೆ ಬರುತ್ತದೆ. ಯಾರ ಮನೆಯೇ ಆಗಲಿ, ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಬೇಕೇ? ಯಾವಾಗ? ಯಾರ ಕೈಯಿಂದ?

ಮೊದಲನೆಯದು, ಬೇಕೇ ಎಂಬುದು. ಧರ್ಮಾಚಾರವೆಂದು ಮಾಡಿಸುವವರಿಗೆ ಮಾಡಬೇಡಿರೆಂದು ಹೇಳಲು ನಾನು ಬಂದಿಲ್ಲ. ಆದರೆ ಆಚಾರವಿಲ್ಲದ ಮನೆಯವರು ಒಂದು ಮಾತು ತಿಳಿಯಬೇಕು. ಹುಟ್ಟಿದ ಕೂಸಿನ ಈ ಚರ್ಮ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ರೋಗವಲ್ಲ. ಮಗು ಬೆಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಲವು ಹುಡುಗರಿಗೆ ಹರೆಯ ಬರುವತನಕವೂ ಹಿಡಿಯುವುದುಂಟು. ಎಣ್ಣೆ ಹಚ್ಚಿ ಬಲವಂತವಾಗಿ ಹಿಂದಕ್ಕೆ ಎಳೆಯಬಾರದು. ಎಳೆದರೆ ಹರಿದು ಗಾಯವಾಗಿ, ಮಾಯುವಾಗ ಬಿಗಿದುಕೊಳ್ಳಬಹುದು. ಮೂತ್ರ ಕಟ್ಟಿದರೆ, ಪದೇ ಪದೇ ಬಾವು ಬಂದರೆ, ಚರ್ಮದ ತುದಿ ಬೆಳ್ಳಗೆ ಗಡುಸಾದರೆ ಮಾತ್ರ ವೈದ್ಯರಿಗೆ ತೋರಿಸಿರಿ. ಆಗಲೂ ಎಷ್ಟೋ ಮಕ್ಕಳಿಗೆ ಮುಲಾಮಿನಿಂದಲೇ ಗುಣವಾಗುತ್ತದೆ.

ಸುನ್ನತಿಯಿಂದ ಆರೋಗ್ಯಕ್ಕೆ ಲಾಭವಿಲ್ಲವೇ? ಉಂಟು. ಎಳೆಯ ಕೂಸುಗಳಲ್ಲಿ ಮೂತ್ರನಾಳದ ಸೋಂಕು ಕಡಿಮೆಯಾಗುತ್ತದೆ. ಆದರೆ ಆ ಸೋಂಕು ಗಂಡುಮಕ್ಕಳಲ್ಲಿ ನೂರಕ್ಕೆ ಒಬ್ಬರಿಗೆ ಬರುವಷ್ಟು ಮಾತ್ರ. ದಕ್ಷಿಣ ಆಫ್ರಿಕ, ಕೀನ್ಯ, ಉಗಾಂಡ ದೇಶಗಳಲ್ಲಿ ವಯಸ್ಕ ಗಂಡಸರ ಮೇಲೆ ನಡೆದ ಪರೀಕ್ಷೆಗಳಲ್ಲಿ, ಹೆಂಗಸರಿಂದ ಗಂಡಸರಿಗೆ ಎಚ್‌ಐವಿ ತಗಲುವುದು ಸುಮಾರು ಶೇಕಡ 60ರಷ್ಟು ಇಳಿದದ್ದು ಕಂಡುಬಂದಿತು. ಅದರಿಂದ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗ ಬಹಳವಾಗಿ ಹಬ್ಬಿದ ದೇಶಗಳಿಗೆ ಇದನ್ನು ಸಲಹೆ ಮಾಡಿತು. ಅಮೆರಿಕದ ಮಕ್ಕಳ ವೈದ್ಯರ ಸಂಘವು 2012ರಲ್ಲಿ ಲಾಭವೇ ಅಪಾಯಕ್ಕಿಂತ ಹೆಚ್ಚೆಂದು ಹೇಳಿದರೂ, ಎಲ್ಲ ಕೂಸುಗಳಿಗೂ ಮಾಡಿರೆಂದು ಹೇಳುವಷ್ಟು ದೊಡ್ಡದಲ್ಲವೆಂದು ತೀರ್ಮಾನವನ್ನು ತಾಯಿತಂದೆಗಳಿಗೇ ಬಿಟ್ಟಿತು. ಆದ್ದರಿಂದ ಮಾಡಿಸದಿದ್ದರೆ ಮಗನಿಗೆ ಕೇಡಾಗುವುದೆಂಬ ಭಯ ಬೇಡ. ಮಾಡಿಸಿದರೆ ಮುಂದೆ ಮಕ್ಕಳಾಗುವುದಿಲ್ಲವೆಂಬ ಭಯವೂ ಬೇಡ.

ಎರಡನೆಯದು, ಯಾವಾಗ ಎಂಬುದು. ಹದ ನೋಡದೆ ಬಿತ್ತುವ ರೈತನಿಲ್ಲ. ಕೂಸಿನ ಹದವನ್ನೂ ನೋಡಬೇಕು. ತೂಕ ಕಡಿಮೆಯಿರುವ, ದಿನ ತುಂಬದೆ ಹುಟ್ಟಿದ, ಕಾಮಾಲೆಯೋ ಜ್ವರವೋ ಇರುವ ಕೂಸಿಗೆ ಕೂಡದು. ಚೇತರಿಸಿಕೊಳ್ಳಲಿ. ಮೂತ್ರದ ರಂಧ್ರವು ತುದಿಯಲ್ಲಿರದೆ ಕೆಳಗಡೆ ಇರುವ ಮಕ್ಕಳುಂಟು. ಅಂಥ ಮಗುವಿಗೆ ಸುನ್ನತಿ ಮಾಡಿಸಲೇಬಾರದು. ಆ ದೋಷ ಸರಿಪಡಿಸಲು ಶಸ್ತ್ರವೈದ್ಯರಿಗೆ ಅದೇ ಚರ್ಮ ಬೇಕಾಗಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ರಕ್ತ ನಿಲ್ಲದಿರುವ ರೋಗ. ಇದಕ್ಕೆ ಹಿಮೋಫಿಲಿಯ ಎನ್ನುತ್ತಾರೆ. ಇದರ ಮುಖ್ಯ ಬಗೆಯು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಇದು ತಾಯಿಯ ಕಡೆಯಿಂದ ಇಳಿದು ಬರುವ ರೋಗ. ಆದ್ದರಿಂದ ತಾಯಿಯನ್ನು ಕೇಳಿರಿ: "ನಿನ್ನ ಅಣ್ಣತಮ್ಮಂದಿರಿಗೆ, ಸೋದರಮಾವಂದಿರಿಗೆ ಸಣ್ಣ ಗಾಯದಿಂದ ಬಹಳ ರಕ್ತ ಹೋದದ್ದುಂಟೇ? ಕೀಲುಗಳು ಊದಿದ್ದುಂಟೇ?" ಉಂಟೆಂದರೆ ರಕ್ತಪರೀಕ್ಷೆಯಾಗದೆ ಕತ್ತಿ ಮುಟ್ಟಿಸಬೇಡಿರಿ. ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಈ ರೋಗ ಹೊಸದಾಗಿ ಬರುವುದುಂಟು. ನಮ್ಮ ದಾವಣಗೆರೆಯಲ್ಲಿ ಈ ರೋಗಿಗಳಿಗಾಗಿಯೇ ದುಡಿಯುವ ಕರ್ನಾಟಕ ಹಿಮೋಫಿಲಿಯ ಸಂಸ್ಥೆ ಇದೆ. ಹುಟ್ಟಿದೊಡನೆ ಕೊಡುವ ವಿಟಮಿನ್ 'ಕೆ' ಚುಚ್ಚುಮದ್ದು ಕೂಸಿಗೆ ಆಗಿದೆಯೇ ಎಂಬುದನ್ನೂ ವಿಚಾರಿಸಿರಿ. ಅದು ಬೇರೊಂದು ಬಗೆಯ ರಕ್ತಸ್ರಾವವನ್ನು ತಡೆಯುತ್ತದೆ. ಹಿಮೋಫಿಲಿಯಕ್ಕೆ ಅದು ಮದ್ದಲ್ಲ.

"ನೆಂಟರಿಗೆಲ್ಲ ಹೇಳಿಯಾಗಿದೆ, ದಿನ ತಪ್ಪಿಸಲಾಗದು" ಎನ್ನುವವರಿಗೆ ಒಂದು ಮಾತು. ಮುಸಲ್ಮಾನರಲ್ಲಿ ಕೆಲವರು 7ನೆಯ ದಿನ, ಕೆಲವರು ಕೆಲವು ವರ್ಷಗಳ ಮೇಲೆ ಮಾಡಿಸುತ್ತಾರೆ. ಎಲ್ಲರಿಗೂ ಒಂದೇ ದಿನವೆಂಬ ಕಟ್ಟಿಲ್ಲ. ಔತಣವನ್ನು ಮುಂದಕ್ಕೆ ಹಾಕಬಹುದು. ಹೋದ ರಕ್ತ ಮರಳಿ ಬಾರದು.

ಮೂರನೆಯದು, ಯಾರ ಕೈಯಿಂದ ಎಂಬುದು. ವಂಶಪಾರಂಪರ್ಯವಾಗಿ ಈ ಕೆಲಸ ಮಾಡುತ್ತ ಬಂದವರಲ್ಲಿ ಕೈ ಪಳಗಿದವರಿದ್ದಾರೆ; ಅವರನ್ನು ಹೀಗಳೆಯುವುದು ಸಲ್ಲದು. ಆದರೆ ಕೈ ಎಷ್ಟೇ ಪಳಗಿದ್ದರೂ ನೋವು ತಿಳಿಯದಂತೆ ಮಾಡುವ ಮದ್ದು, ಶುದ್ಧಿ ಮಾಡಿದ ಉಪಕರಣ, ರಕ್ತ ನಿಲ್ಲದಿದ್ದರೆ ಮಾಡಬೇಕಾದ ಏರ್ಪಾಡು, ಇವು ಆಸ್ಪತ್ರೆಯಲ್ಲಿಯೇ ದೊರೆಯುವಂಥವು. ಒಂದೇ ಕತ್ತಿಯನ್ನು ಹಲವು ಮಕ್ಕಳಿಗೆ ಬಳಸಿದರೆ ಒಬ್ಬನ ರೋಗ ಇನ್ನೊಬ್ಬನಿಗೆ ಅಂಟುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ಯಾವ ಆಸ್ಪತ್ರೆಗೆ ಹೋಗಬೇಕೆಂದು ಕೇಳಿರಿ. ಮಾತು ತಿಳಿಯುವ ಹುಡುಗನಾದರೆ ಅವನಿಗೂ ನಿಜ ಹೇಳಿರಿ. ಮಿಠಾಯಿ ಕೊಡಿಸುವೆನೆಂದು ಕರೆದೊಯ್ದು ಹಿಡಿದು ಕೂರಿಸಬೇಡಿರಿ.

ಆದ ಮೇಲೆ ಗಾಯಕ್ಕೆ ಬೂದಿ, ಸಗಣಿ, ಅರಿಶಿನ ಯಾವುದನ್ನೂ ಹಚ್ಚಬೇಡಿರಿ. ಧನುರ್ವಾಯುವಿಗೆ ಅದೇ ದಾರಿ. ವೈದ್ಯರು ಕೊಟ್ಟ ಮುಲಾಮು ಸಾಕು. ರಕ್ತ ಒಸರಿದರೆ ಶುಭ್ರವಾದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಹತ್ತು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಫೋನು ಮಾಡಿ ವಾಹನ ತರಿಸಿರಿ. ಎಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಜ್ವರ ಬಂದರೆ, ಕೂಸು ಮೊಲೆ ಹಿಡಿಯದಿದ್ದರೆ ಬೆಳಗಾಗಲೆಂದು ಕಾಯಬೇಡಿರಿ.

ತಾಯಂದಿರೇ, ಈ ತೀರ್ಮಾನ ಗಂಡಸರೊಬ್ಬರದೇ ಅಲ್ಲ. ತವರಿನ ರಕ್ತದ ಸುದ್ದಿ ಬಲ್ಲವರು ನೀವು. ಕೇಳುವ ಮೊದಲೇ ಬಾಯಿಬಿಟ್ಟು ಹೇಳಿರಿ. ತಂದೆಗಳೇ, ಬಿತ್ತನೆಯ ಬೀಜವನ್ನು ಹತ್ತು ಸಲ ಆರಿಸುವ ನೀವು, ಮನೆಯ ಕೂಸಿನ ವಿಷಯದಲ್ಲಿ ಒಂದು ದಿನ ಆಸ್ಪತ್ರೆಗೆ ಹೋಗಿ ವಿಚಾರಿಸಿ ಬನ್ನಿರಿ. ಆಮೇಲೆ ಗಂಡಹೆಂಡಿರು ಕೂಡಿ ನಿಶ್ಚಯಿಸಿರಿ.