ಗಡಿಯಾಚೆಯ ಕಾರು, ಗಡಿಯೀಚೆಯ ಕಂತು



ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮಗೆ ಸೇಲಂ, ಧರ್ಮಪುರಿಗಳಿಗಿಂತ ಬೆಂಗಳೂರೇ ಹತ್ತಿರ. ಮದುವೆ ಜವಳಿಗೂ ಅಲ್ಲಿಗೇ ಹೋಗುತ್ತೇವೆ, ಹಳೆಯ ಕಾರಿಗೂ ಅಲ್ಲಿಗೇ. ಜವಳಿಗೆ ಗಡಿಯಿಲ್ಲ, ಕಾರಿಗೆ ಇದೆ. ಕೆ.ಎ. ನಂಬರಿನ ಗಾಡಿಯನ್ನು ತಮಿಳುನಾಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಅಲ್ಲಿಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುಂಚೆ ಈ ತೆರಿಗೆಯನ್ನೂ ಬೆಲೆಗೆ ಕೂಡಿಸಿ ನೋಡಿ.

ಆರ್.ಸಿ.ಯಲ್ಲಿ ಫೈನಾನ್ಸಿನವರ ಹೆಸರು ಇದೆಯೇ? "ಸಾಲ ತೀರಿದೆ ಅಣ್ಣಾ" ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟವರು ಸಹಿ ಮಾಡಿದ 35ನೇ ನಮೂನೆಯನ್ನು ಆರ್.ಟಿ.ಓ. ಕಚೇರಿಗೆ ಕೊಟ್ಟು ಆ ಹೆಸರನ್ನು ತೆಗೆಸಬೇಕು. ಆ ಹೆಸರು ಇರುವತನಕ ಅವರ ಲಿಖಿತ ಒಪ್ಪಿಗೆಯಿಲ್ಲದೆ ಗಾಡಿ ನಿಮ್ಮ ಹೆಸರಿಗೆ ಬಾರದು.

ಇನ್ನು ಬಡ್ಡಿ. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. 3 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ "ಬರೀ ನೂರಕ್ಕೆ 10", 3 ವರ್ಷ ಎನ್ನುತ್ತಾರೆ. ಬಡ್ಡಿ 90,000, ತಿಂಗಳ ಕಂತು ಸುಮಾರು 10,833 ರೂಪಾಯಿ. ಕೇಳಲು ಸಲೀಸು. ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ತೀರಿಸುತ್ತಾ ಬರುತ್ತೀರಿ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 3 ಲಕ್ಷದ ಮೇಲೆಯೇ! ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ಇದು ನೂರಕ್ಕೆ ಸುಮಾರು 18ರ ಬಡ್ಡಿ. "ಫ್ಲಾಟೋ, ಇಳಿಯುವ ಬಡ್ಡಿಯೋ?" ಎಂದು ನೇರವಾಗಿ ಕೇಳಿ. 2024ರ ಅಕ್ಟೋಬರಿನಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ನಿಜವಾದ ವಾರ್ಷಿಕ ದರ ಮತ್ತು ಎಲ್ಲ ಖರ್ಚುಗಳನ್ನು ಒಂದು ಹಾಳೆಯಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆಯಿದೆ. ತಮಿಳು ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಎಷ್ಟೋ ಮಂದಿ. ನಾಚಿಕೊಳ್ಳದೆ ಕನ್ನಡದಲ್ಲಿ ಕೇಳಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ಕಂತು ತಪ್ಪಿದರೆ ರೌಡಿಗಳನ್ನು ಕಳಿಸಿ ಗಾಡಿ ಕಸಿಯುವ ಹಕ್ಕು ಯಾರಿಗೂ ಇಲ್ಲ. ಸುಪ್ರೀಂ ಕೋರ್ಟು 2007ರಲ್ಲೇ ಇದನ್ನು ಖಂಡಿಸಿದೆ.

ಬೆಂಗಳೂರಿನ ವ್ಯಾಪಾರಿ ಕೆಟ್ಟ ಗಾಡಿ ಕಟ್ಟಿದರೆ? ಹಿಂದೆ 1986ರ ಗ್ರಾಹಕ ಕಾಯ್ದೆಯಡಿ ಸಾಮಾನ್ಯವಾಗಿ ಅವನಿರುವ ಕಡೆಗೋ ವ್ಯವಹಾರ ನಡೆದ ಕಡೆಗೋ ನಾವೇ ಅಲೆಯಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ದೂರಬೇಕು. ಹೊಟ್ಟೆಪಾಡಿಗೆ ಸ್ವಂತ ಟ್ಯಾಕ್ಸಿ ಓಡಿಸುವವನೂ ಗ್ರಾಹಕನೇ. ಆದರೆ ವ್ಯಾಪಾರಿಯಲ್ಲದ ಪರಿಚಯದವರಿಂದ ಕೊಂಡಿದ್ದರೆ ಈ ಆಯೋಗ ನೆರವಿಗೆ ಬಾರದು, ಸಿವಿಲ್ ಕೋರ್ಟೇ ಗತಿ. ರಸೀದಿ, ಜಾಹೀರಾತಿನ ಕಾಗದ, ಸಾಲದ ಪತ್ರದ ಪ್ರತಿ ಜೋಪಾನ. ಮೊದಲು ವಿಚಾರಿಸಿ ತಿಳಿಯಬೇಕೆಂದರೆ 1915ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.